ಬ್ಯಾರನ್ ಎಣಿಸಿ ಊರನ್ನು ಪಟ್ಟಣ ಮಾಡಿದ್ದು

ಒಂದು ಊರನ್ನು ನಾನು ಫೋನಿನಲ್ಲಿ, ಉಪ್ಪಿಟ್ಟು ತಿನ್ನುತ್ತಾ, ಪಟ್ಟಣ ಮಾಡಿಬಿಟ್ಟಿದ್ದೇನೆ. ಹೊಸದಾಗಿ ಪಂಚಾಯಿತಿ ಕೆಲಸಕ್ಕೆ ಸೇರುವ ಮಕ್ಕಳು ‘ನಿಮ್ಮ ಅನುಭವ ಹೇಳಿ ಮೇಡಂ’ ಎಂದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಅದೇ. ಬಡ್ತಿ ಸಿಕ್ಕಿದ್ದಲ್ಲ, ಬೀಳ್ಕೊಡುಗೆ ದಿನ ಶಾಲು ಹೊದಿಸಿ ಗೋಡೆ ಗಡಿಯಾರ ಕೊಟ್ಟಿದ್ದೂ ಅಲ್ಲ. ಆ ಗಡಿಯಾರ ಆರು ತಿಂಗಳಿಗೇ ನಿಂತುಹೋಯಿತು.

ಎಚ್.ಡಿ. ಕೋಟೆ, ಕೃಷ್ಣರಾಜನಗರ, ಪಿರಿಯಾಪಟ್ಟಣ, ಹುಣಸೂರು ಈ ನಾಲ್ಕು ತಾಲ್ಲೂಕುಗಳಲ್ಲೇ ನನ್ನ ಪೂರಾ ಸರ್ವೀಸು ಕಳೆಯಿತು. ಸೇರಿದಾಗ ಪಂಚಾಯಿತಿ ಕಾರ್ಯದರ್ಶಿ, ಆಮೇಲೆ ಅಭಿವೃದ್ಧಿ ಅಧಿಕಾರಿ. ಹುದ್ದೆಯ ಹೆಸರು ಬದಲಾಯಿತೇ ಹೊರತು ಕೆಲಸ ಅದೇ: ಕುಡಿಯುವ ನೀರು, ಬೀದಿ ದೀಪ, ಚರಂಡಿ, ಖಾತೆ, ಜಗಳ. ಜನ ನನ್ನನ್ನು ಮೊದಲಿನಿಂದ ಕೊನೆಯವರೆಗೂ ‘ಮೇಡಮ್ಮೋರೆ’ ಎಂದೇ ಕರೆದರು. ನಾನು ಸ್ವಲ್ಪ ಬಾಯಿ ಜೋರಿನವಳು, ಸಿಟ್ಟೂ ಬೇಗ. ಅದು ನನಗೆ ಎಷ್ಟು ಅನುಕೂಲ ಮಾಡಿತೋ ಅಷ್ಟೇ ತೊಂದರೆಯನ್ನೂ ಮಾಡಿತು.

‘ನಗರೀಕರಣ’ ಎಂಬ ಮಾತನ್ನು ನಾನು ಮೊದಲು ಕೇಳಿದ್ದು ಮೈಸೂರಿನಲ್ಲಿ, ತರಬೇತಿಗೆ ಹೋದಾಗ. ಪಾಠ ಮಾಡುವವರು ಕಪ್ಪು ಹಲಗೆಯ ಮೇಲೆ ದೊಡ್ಡದಾಗಿ ಬರೆದು, ‘ಗ್ರಾಮೀಣ ಪ್ರದೇಶವು ನಗರ ಪ್ರದೇಶವಾಗಿ ಮಾರ್ಪಡುವ ಪ್ರಕ್ರಿಯೆ’ ಎಂದು ನಮ್ಮಿಂದ ಎರಡೆರಡು ಸಲ ಹೇಳಿಸಿದರು. ಪಕ್ಕದಲ್ಲಿ ಕೂತಿದ್ದ ಒಬ್ಬ ಸಹೋದ್ಯೋಗಿ ಎದ್ದು ನಿಂತು, ‘ಸಾರ್, ಇಂಥ ದಿನದಿಂದ ಇದು ಹಳ್ಳಿಯಲ್ಲ ಅಂತ ನಮಗೆ ಹೇಗೆ ಗೊತ್ತಾಗುತ್ತೆ?’ ಎಂದು ಕೇಳಿದ. ‘ಅಧಿಸೂಚನೆ ಬಂದ ದಿನದಿಂದ ಕಣಯ್ಯ’ ಎಂದರು ಅವರು. ಎಲ್ಲರೂ ನಕ್ಕೆವು. ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂದಿತ್ತು, ನನಗೆ ಪೂರ್ತಿ ಅಂಕ ಸಿಕ್ಕಿತು. ಪೂರ್ತಿ ಅಂಕ ಸಿಕ್ಕಿದ ವಿಷಯವನ್ನು ಮತ್ತೆ ಯೋಚಿಸುವ ಗೋಜಿಗೆ ಯಾರು ಹೋಗುತ್ತಾರೆ?

ನನ್ನ ಮೊದಲ ಪಂಚಾಯಿತಿ ಎಚ್.ಡಿ. ಕೋಟೆ ಕಡೆ, ಹ್ಯಾಂಡ್‌ಪೋಸ್ಟ್ ಎಂಬ ಕೂಡುರಸ್ತೆಯಿಂದ ಆಚೆ ಇತ್ತು. ಬಸ್ಸು ಹ್ಯಾಂಡ್‌ಪೋಸ್ಟಿನಲ್ಲಿ ಇಳಿಸುತ್ತಿತ್ತು, ಮುಂದಕ್ಕೆ ಸಿಕ್ಕಿದ್ದರಲ್ಲಿ ಹೋಗಬೇಕು. ಅಲ್ಲಿನ ಅಧ್ಯಕ್ಷರು ಜವರೇಗೌಡರು ಎಂಬ ಹಿರಿಯರು. ಸಹಿ ಹಾಕುವ ಮೊದಲು ಪ್ರತಿಯೊಂದು ಕಾಗದವನ್ನೂ ಓದಿಸಿ ಕೇಳುತ್ತಿದ್ದರು. ಒಂದು ಸುತ್ತೋಲೆಯಲ್ಲಿ ನಗರೀಕರಣ ಎಂಬ ಈ ಮಾತು ಬಂತು. ‘ಅಂಗಂದ್ರೇನವ್ವ?’ ಎಂದರು. ನಾನು ತರಬೇತಿಯಲ್ಲಿ ಕಲಿತದ್ದನ್ನು ಗಿಣಿಪಾಠ ಒಪ್ಪಿಸಿದೆ. ಅವರು ಬೀಡಿ ಆರಿಸಿ ಹೇಳಿದರು:

“ಅಷ್ಟುದ್ದ ಯಾಕವ್ವ? ಹ್ಯಾಂಡ್‌ಪೋಸ್ಟಲ್ಲಿ ಒಂದೇ ಒಂದು ಟೀ ಅಂಗ್ಡಿ ಇತ್ತು. ಅವನ ಮ್ಯಾಲೆ ಕ್ವಾಪ ಬಂದ್ರೂವೆ ಅಲ್ಲೇ ಕುಡೀಬೇಕಾಗಿತ್ತು. ಅದು ಅಳ್ಳಿ. ಎರಡ್ನೇ ಅಂಗ್ಡಿ ಆಯ್ತು ನೋಡಿ, ಇವನ ಮ್ಯಾಲೆ ಕ್ವಾಪ ಬಂದ್ರೆ ಅವನ ತಾವ್ಕೆ ಓದೋ. ಅವತ್ತಿಂದ ಪ್ಯಾಟೆ ಕಣವ್ವ.”

ಇಷ್ಟು ವರ್ಷ ಕಳೆದ ಮೇಲೆ ಹೇಳುತ್ತೇನೆ, ಅವರ ವಿವರಣೆ ತರಬೇತಿಯದಕ್ಕಿಂತ ಚೆನ್ನಾಗಿತ್ತು. ಆದರೆ ಆವತ್ತು ನಾನು ಒಳಗೊಳಗೇ ನಕ್ಕು, ಸಹಿ ಹಾಕಿಸಿಕೊಂಡು ಎದ್ದು ಬಂದೆ.

ಆಮೇಲೆ ಕೃಷ್ಣರಾಜನಗರದ ಕಡೆಗೆ ವರ್ಗವಾಯಿತು. ಅದು ಗದ್ದೆ ಸೀಮೆ, ನಾಲೆ ನೀರಿನ ಊರುಗಳು. ಅಲ್ಲೊಂದು ಗದ್ದೆ ಬಯಲು ಬಡಾವಣೆಯಾಯಿತು. ಪರಿವರ್ತನೆ ಆದೇಶವಿತ್ತು, ನಕ್ಷೆಯಿತ್ತು, ಮೊಹರು ಇತ್ತು. ಕಾಗದ ಎಲ್ಲ ಸರಿಯಿದೆಯಲ್ಲ ಎಂದು ನಾನು ಕೂತ ಕುರ್ಚಿಯಿಂದ ಏಳದೆ ನಿವೇಶನಗಳಿಗೆ ಖಾತೆ ಮಾಡಿಕೊಟ್ಟೆ. ಮಣ್ಣು ತುಂಬಿಸಿ ಕಾಲುವೆ ಮುಚ್ಚಿದ್ದು ನಕ್ಷೆಯಲ್ಲಿ ಇರಲಿಲ್ಲ, ನನಗೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಆ ಬಯಲಿಗೆ ನೀರು ಹಾಯಿಸುತ್ತಿದ್ದ ನೀರುಗಂಟಿ ಚಿಕ್ಕಣ್ಣನಿಗೆ ಮಾತ್ರ. ಅವನನ್ನು ಯಾರೂ ಕೇಳಿರಲಿಲ್ಲ.

ನಾಲೆಗೆ ನೀರು ಬಿಟ್ಟರು. ಚಿಕ್ಕಣ್ಣ ಕೆಳಗಿನ ಗದ್ದೆಗಳಿಗೆ ಸರದಿಯಂತೆ ತೂಬು ಎತ್ತಿದ. ನೀರು ಹಳೆಯ ದಾರಿಯನ್ನೇ ಹಿಡಿದು ಬಂದು, ಬಡಾವಣೆಯ ಮೊದಲನೇ ಮನೆಯ ನಡುಮನೆಗೆ ನುಗ್ಗಿತು. ಆವತ್ತೇ ಆ ಮನೆಯ ಗೃಹಪ್ರವೇಶ. ಅಡುಗೆಯವರು ಪಾಯಸದ ಕೊಳಗವನ್ನು ತಲೆಯ ಮೇಲೆ ಹೊತ್ತುಕೊಂಡು ಓಡಿದರಂತೆ. ನಾನು ಹೋಗುವ ಹೊತ್ತಿಗೆ ಯಜಮಾನರು ರೇಷ್ಮೆ ಪಂಚೆಯನ್ನು ಮೊಣಕಾಲಿಗೆ ಎತ್ತಿಕಟ್ಟಿ ಚಿಕ್ಕಣ್ಣನ ಮೇಲೆ ಕೂಗಾಡುತ್ತಿದ್ದರು. ನಾನೂ ಸೇರಿಕೊಂಡು ಕೂಗಾಡಿದೆ. ಚಿಕ್ಕಣ್ಣ ಸನಿಕೆ ಊರಿಕೊಂಡು ನಿಂತು ಎಲ್ಲವನ್ನೂ ಕೇಳಿ, ಮೆತ್ತಗೆ ಅಂದ: “ಇದು ಬಡಾವಣೆ ಆಗೋಗದೆ ಅಂತ ನನ್ಗೆ ಗೊತ್ತು ಮೇಡಮ್ಮೋರೆ. ನೀರ್ಗೆ ಯಾರಾನ ಯೋಳಿದ್ರಾ?”

ಅವನನ್ನೇ ಮುಂದೆ ಬಿಟ್ಟುಕೊಂಡು ಆ ಬಯಲನ್ನೆಲ್ಲ ನಡೆದೆ. ಎಲ್ಲೆಲ್ಲಿ ಕಾಲುವೆ ಹೋಗಿತ್ತು ಎಂದು ಅವನು ಸನಿಕೆಯಿಂದ ಗೀರುತ್ತಾ ಬಂದ, ಎಂಜಿನಿಯರು ಗುರುತು ಹಾಕಿಕೊಂಡರು. ಆ ಗೆರೆಯ ಮೇಲೆ ಈಗ ಕಾಂಕ್ರೀಟಿನ ಕಾಲುವೆಯಿದೆ. ಮೇಲಿನ ಮನೆಗಳೂ ಸುಖವಾಗಿವೆ, ಕೆಳಗಿನ ಗದ್ದೆಗಳೂ ನಾಟಿಯಾಗುತ್ತಿವೆ. ಇನ್ನು ಮೇಲೆ ನಡೆದು ನೋಡದೆ ಸಹಿ ಹಾಕುವುದಿಲ್ಲ ಎಂದು ನಾನು ಅಂದೇ ತೀರ್ಮಾನ ಮಾಡಿದೆ. ಪಾಠ ಕಲಿತೆ ಎಂದುಕೊಂಡೆ. ಕಲಿತಿರಲಿಲ್ಲ.

ನಿವೃತ್ತಿಗೆ ಒಂದು ವರ್ಷವೂ ಇಲ್ಲದಾಗ ಹುಣಸೂರು, ಪಿರಿಯಾಪಟ್ಟಣಗಳ ನಡುವಿನ ಒಂದು ಪಂಚಾಯಿತಿಯಲ್ಲಿದ್ದೆ. ಊರಿನ ಹೆಸರು ನೆಲ್ಲಿಕೊಪ್ಪಲು ಎಂದಿರಲಿ. ನಮ್ಮ ಕಡೆ ಊರಿನ ದಾರಿ ದೊಡ್ಡ ರಸ್ತೆಗೆ ಸೇರುವ ಜಾಗಕ್ಕೆ ‘ಗೇಟ್’ ಎನ್ನುತ್ತಾರೆ, ಅಲ್ಲಿ ಯಾವ ಗೇಟೂ ಇರುವುದಿಲ್ಲ. ನೆಲ್ಲಿಕೊಪ್ಪಲು ಗೇಟಿನಲ್ಲಿ ಎರಡು ಹೋಟೆಲು, ಬೇಕರಿ, ಟೈರ್ ಪಂಕ್ಚರ್ ಅಂಗಡಿ, ಮೊಬೈಲ್ ಅಂಗಡಿ, ಗೊಬ್ಬರದ ಅಂಗಡಿ ಎಲ್ಲ ಇದ್ದವು. ಜವರೇಗೌಡರ ಲೆಕ್ಕದಲ್ಲಿ ಅದು ಯಾವತ್ತೋ ಪೇಟೆಯಾಗಿತ್ತು. ಆದರೆ ಗೇಟಿನಿಂದ ನೂರು ಹೆಜ್ಜೆ ಒಳಗೆ ಹೋದರೆ ಹೊಗೆಸೊಪ್ಪು, ರಾಗಿ, ಹಸು, ಬೆಳಿಗ್ಗೆ ಡೈರಿಗೆ ಹಾಲು.

ಆಗ ನಮ್ಮ ತಾಲ್ಲೂಕಿನ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ ನಾವೆಲ್ಲ ಇಟ್ಟಿದ್ದ ಹೆಸರು ‘ಸಂಜೆಯೊಳಗೆ ಸಾಹೇಬರು’. ಏನು ಕೇಳಿದರೂ ಸಂಜೆಯೊಳಗೆ ಬೇಕು. ಕೆಟ್ಟವರಲ್ಲ, ಮೇಲಿನವರು ಅವರನ್ನು ಮಧ್ಯಾಹ್ನದೊಳಗೆ ಎಂದು ಕೇಳುತ್ತಿದ್ದಿರಬೇಕು. ಒಂದು ದಿನ ಒಂದು ನಮೂನೆ ಬಂತು. ನಗರೀಕರಣಗೊಳ್ಳುತ್ತಿರುವ ಪಂಚಾಯಿತಿಗಳನ್ನು ಪಟ್ಟಣ ಪಂಚಾಯಿತಿ ಮಾಡುವ ಬಗ್ಗೆ ವರದಿ ಬೇಕು, ಎಲ್ಲ ಕಟ್ಟಡಗಳನ್ನೂ ಎಲ್ಲರ ಕಸುಬನ್ನೂ ಪಟ್ಟಿ ಮಾಡಿ ಎಂದಿತ್ತು. ಕಟ್ಟಡಕ್ಕೆ ಮೂರೇ ಕಾಲಂ: ವಾಸ, ವಾಣಿಜ್ಯ, ಕೈಗಾರಿಕೆ.

ನಮ್ಮ ಬಿಲ್ ಕಲೆಕ್ಟರ್ ನಂಜುಂಡ, ನಂಬಿಕಸ್ಥ ಮನುಷ್ಯ. ಪಟ್ಟಿ ಹಿಡಿದುಕೊಂಡು ಮನೆಮನೆಗೆ ಹೊರಟ. ನಾನು ತಾಲ್ಲೂಕು ಕಚೇರಿಯಲ್ಲಿ ಮೀಟಿಂಗಿನ ನಡುವೆ ಉಪ್ಪಿಟ್ಟು ತಿನ್ನುತ್ತಿದ್ದಾಗ ಅವನ ಫೋನು ಬಂತು.

“ಮೇಡಮ್ಮೋರೆ, ಬ್ಯಾರನ್ನ ಯಾವ ಕಾಲಂಗೆ ಆಕ್ಲಿ?”

ಬ್ಯಾರನ್ ಎಂದರೆ ಹಸಿ ಹೊಗೆಸೊಪ್ಪನ್ನು ಬೇಯಿಸಿ ಹದ ಮಾಡುವ ಮನೆ. ಎತ್ತರದ ಗೋಡೆ, ಹೊರಗಿನಿಂದ ಉರಿ ಹಾಕುವ ಒಲೆ, ಮೇಲೆ ಚಿಮಣಿ, ಗೋಡೆಯ ಮೇಲೆ ಲೈಸೆನ್ಸಿನ ನಂಬರು. ನಮ್ಮ ಸೀಮೆಯಲ್ಲಿ ಹೊಲ ಇರುವವರ ಮನೆಯ ಹಿಂದೆಲ್ಲ ಅದು ಇರುತ್ತದೆ. ಕಣ, ಕೊಟ್ಟಿಗೆ ಇದ್ದ ಹಾಗೆ ಅದೂ ಬೇಸಾಯದ ಒಂದು ಭಾಗ. ನನಗೆ ಅದು ಗೊತ್ತಿಲ್ಲದ್ದಲ್ಲ. ಆದರೆ ಉಪ್ಪಿಟ್ಟು ಆರುತ್ತಿತ್ತು, ಸಾಹೇಬರು ಕರೆಯುತ್ತಿದ್ದರು.

“ಒಲೆ ಇದೆಯಲ್ಲ, ಚಿಮಣಿ ಇದೆಯಲ್ಲ, ನಂಬರ್ ಬೇರೆ ಬರೆದಿದೆಯಲ್ಲ. ಕೈಗಾರಿಕೆಗೆ ಹಾಕು ಮಾರಾಯ” ಎಂದೆ.

ನಂಜುಂಡ ಹಾಗೇ ಮಾಡಿದ. ಕಸುಬಿನ ಕಾಲಂನಲ್ಲಿ ಇನ್ನೊಂದು ತಮಾಷೆ ನಡೆದದ್ದು ನನಗೆ ಆಮೇಲೆ ತಿಳಿಯಿತು. ನಮ್ಮ ಕಡೆ ಬೇಸಾಯ ಮಾಡುವ ಹುಡುಗರಿಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತಾರೆ. ಪಂಚಾಯಿತಿಯವರು ಬರೆದುಕೊಂಡದ್ದು ಯಾರ ಕಣ್ಣಿಗೆ ಬೀಳುತ್ತದೋ ಎಂದು, ಮದುವೆಗೆ ಬಂದ ಗಂಡುಮಕ್ಕಳಿರುವ ತಾಯಂದಿರೆಲ್ಲ ‘ನಮ್ಮುಡುಗ ಬಿಸಿನೆಸ್ಸು’ ಎಂದು ಬರೆಸಿದ್ದರು. ಅವರಲ್ಲಿ ಜಯಮ್ಮ ಎಂಬಾಕೆ, ತಮ್ಮ ಮಗ ಮಹದೇವ ಹೊಲದಲ್ಲಿ ಗೊಬ್ಬರ ಚೆಲ್ಲುತ್ತಿರುವುದು ನಂಜುಂಡನ ಕಣ್ಣಿಗೆ ಕಾಣುತ್ತಿದ್ದರೂ ಬಿಸಿನೆಸ್ ಎಂದೇ ಬರೆಸಿದ್ದರು. ಬ್ಯಾರನ್ನುಗಳೂ ಬ್ರಹ್ಮಚಾರಿಗಳೂ ಸೇರಿ ಒಂದು ಬೇಸಾಯದ ಊರು ಕಾಗದದ ಮೇಲೆ ಪಟ್ಟಣವಾಯಿತು. ನಾನು ಕೊನೆಯ ಪುಟದಲ್ಲಿ ಸಹಿ ಹಾಕಿ, ಸಂಜೆಯೊಳಗೆ ಕಳಿಸಿದೆ.

ಮೇಲಿನಿಂದ ಸಂತೋಷದ ಮಾತು ಬಂತು. ಅಧ್ಯಕ್ಷ ಪುಟ್ಟರಾಜು ಗೇಟಿನಲ್ಲಿ ಮಳಿಗೆಗಳ ಕಟ್ಟಡಕ್ಕೆ ಯೋಜನೆ ಹಾಕಿದರು. ಜಾಗ ಬೇಕಲ್ಲ, ಗೇಟಿನ ಪಕ್ಕದಲ್ಲೇ ಊರಿನ ತಿಪ್ಪೆ ಜಾಗವಿತ್ತು. ಏಳೆಂಟು ಮನೆಯವರು ಕೊಟ್ಟಿಗೆಯ ಸಗಣಿ ಗಂಜಲ ಹಾಕಿ ಗೊಬ್ಬರ ಮಾಡುವ ಗುಂಡಿಗಳು. ಪಟ್ಟಣವಾಗುವ ಊರಿನ ಬಾಗಿಲಲ್ಲಿ ತಿಪ್ಪೆ ಇದ್ದರೆ ಹೇಗೆ ಎಂದರು. ಹೌದಲ್ಲ ಎನಿಸಿತು. ‘ನಗರೀಕರಣಗೊಳ್ಳುತ್ತಿರುವ ಪ್ರದೇಶವಾದ್ದರಿಂದ ಹದಿನೈದು ದಿನಗಳೊಳಗೆ ತಿಪ್ಪೆಗಳನ್ನು ತೆರವುಗೊಳಿಸತಕ್ಕದ್ದು’ ಎಂದು ನೋಟಿಸು ತಯಾರಾಯಿತು. ಅದಕ್ಕೂ ನಾನೇ ಸಹಿ ಹಾಕಿದೆ.

ಮೂರನೆಯ ದಿನ ಬೆಳಿಗ್ಗೆ ಡೈರಿಗೆ ಹಾಲು ಹಾಕಿ, ಖಾಲಿ ಕ್ಯಾನು ಹಿಡಿದುಕೊಂಡೇ ಕೆಂಪಮ್ಮ ಕಚೇರಿಗೆ ಬಂದರು. ಅರವತ್ತು ದಾಟಿದವರು, ಒಂಟಿ ಜೀವ. ಒಂದು ತುಂಡು ರಾಗಿ ಹೊಲ, ಎರಡು ಹಸು. ಹಸುಗಳನ್ನು ಅವರು ಹೆಸರು ಹಿಡಿದು, ‘ನಮ್ ಗೌರಿ, ನಮ್ ಚೆಲುವಿ’ ಎಂದೇ ಹೇಳುತ್ತಿದ್ದರು. ಮಡಿಸಿದ ಕಾಗದವನ್ನು ಮೇಜಿನ ಮೇಲಿಟ್ಟು, “ಬಾಗ್ಲಿಗೆ ಅಂಟ್ಸೋಗವ್ರೆ. ಏನದೆ ವಸಿ ಓದಿ ಮೇಡಮ್ಮೋರೆ” ಎಂದರು.

ನಾನು ಸಹಿ ಹಾಕಿದ ನೋಟಿಸನ್ನು ನಾನೇ ಓದಿ ಹೇಳಬೇಕಾಯಿತು. ಕೆಂಪಮ್ಮ ಕೂಗಾಡಲಿಲ್ಲ. ಬೆಂಚಿನ ಮೇಲೆ ಕೂತು ಸ್ವಲ್ಪ ಹೊತ್ತು ಕ್ಯಾನಿನ ಮುಚ್ಚಳವನ್ನು ತಿರುಗಿಸಿದರು.

“ತಿಪ್ಪೆ ತಗುದ್ರೆ ದಿನಾ ಬೀಳೋ ಸಗಣಿನ ಎಲ್ಲಿಗಾಕ್ಲಿ? ಒಲ ಎರಡು ಮೈಲಿ ದೂರ, ತಲೆ ಮ್ಯಾಲೆ ಒರಕ್ಕೆ ನನ್ ಕೈಲಾಯ್ತದಾ? ತಿಪ್ಪೆ ಓದ್ರೆ ಅಸ ಮಾರ್ಬೇಕು. ನಮ್ ಗೌರಿ ಚೆಲುವಿ ಮಾರ್ಬುಟ್ಟು ನಾನ್ ಯಾರ್ ಕೂಡೆ ಮಾತಾಡ್ಲಿ ಯೋಳಿ?”

ಉತ್ತರವಿಲ್ಲದಾಗ ಅಧಿಕಾರಿಗಳು ಮಾಡುವುದನ್ನೇ ನಾನೂ ಮಾಡಿದೆ, ಕಾಗದದ ಭಾಷೆಗೆ ಹೋದೆ. “ಕೆಂಪಮ್ಮ, ಇದು ನಗರೀಕರಣ ಆಗ್ತಿರೋ ಊರು. ಏನ್ ಮಾಡೋದು?” ಎಂದೆ.

“ಅಂಗಂದ್ರೆ?”

“ಅಂದ್ರೆ ಬೇಸಾಯ ಕಮ್ಮಿಯಾಗಿ, ಅಂಗಡಿ, ಕಾರ್ಖಾನೆ ಜಾಸ್ತಿಯಾಗೋದು.”

“ನಮ್ಮೂರಲ್ಲಿ ಎಲ್ಲವೆ ಕಾರ್ಖಾನೆ?”

ತೋರಿಸಿಯೇ ಬಿಡೋಣ ಎಂದು ಕಪಾಟಿನಿಂದ ಪಟ್ಟಿ ತೆಗೆಸಿ, ಅವರ ಬೀದಿಯ ಪುಟ ತಿರುವಿದೆ. ಬೆರಳಿಟ್ಟು ಓದತೊಡಗಿದವಳು ನಾಲ್ಕನೇ ಸಾಲಿನಲ್ಲಿ ನಿಂತುಬಿಟ್ಟೆ. ‘ಕೆಂಪಮ್ಮ ಕೋಂ ಲೇಟ್ ಸಿದ್ದೇಗೌಡ. ವಾಸ ಒಂದು. ಕೈಗಾರಿಕೆ ಒಂದು.’

“ಯಾಕ್ ನಿಲ್ಸುಬುಟ್ರಿ? ಓದಿ.”

ಓದಿದೆ. ಕೆಂಪಮ್ಮ ನನ್ನ ಮುಖ ನೋಡಿದರು, ನಂಜುಂಡನ ಮುಖ ನೋಡಿದರು. “ನಂದಾ? ನಂದ್ಯಾವ ಕಾರ್ಖಾನೆ?”

ನಂಜುಂಡ ತಲೆ ತಗ್ಗಿಸಿ, “ಇತ್ಲಲ್ಲಿ ಅಳೇ ಬ್ಯಾರನ್ ಅದಲ್ಲ ಕೆಂಪಕ್ಕ, ಅದು” ಎಂದ.

“ಅಯ್ಯೋ ನಿನ್! ನಮ್ಮೆಜಮಾನ್ರು ಓದ್ಮ್ಯಾಲೆ ಅದ್ಕೆ ಬೆಂಕಿ ಕಂಡಿಲ್ವಲ್ಲೋ. ಸೂರು ಬಿದ್ದೋಗದೆ. ಉಲ್ಲು ತುಂಬಿವ್ನಿ, ಕೋಳಿ ಮೊಟ್ಟೆ ಇಕ್ತವೆ!” ಎಂದವರೇ ಕೆಂಪಮ್ಮ ನಗತೊಡಗಿದರು. ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. “ನಾನು ಕಾರ್ಖಾನೆ ಓನರ್ರು, ಅದ್ಕೆ ನನ್ ತಿಪ್ಪೆ ತಗೀಬೇಕು!”

ನನಗೆ ನಗು ಬರಲಿಲ್ಲ. ಪುಟ ತಿರುವಿದ ಹಾಗೆಲ್ಲ ಕೈಗಾರಿಕೆ ಒಂದು, ಕೈಗಾರಿಕೆ ಒಂದು. ಇಡೀ ಪಟ್ಟಿಯಲ್ಲಿ ಒಂದೇ ಒಂದು ನಿಜವಾದ ಕೈಗಾರಿಕೆ ಇತ್ತು, ಅದು ಹಿಟ್ಟಿನ ಗಿರಣಿ. ಚಿಕ್ಕಣ್ಣನ ಸನಿಕೆಯ ಹಿಂದೆ ಆವತ್ತು ಅಷ್ಟು ದೂರ ನಡೆದವಳು, ಈಗ ಕಚೇರಿಯಿಂದ ಕಾಣುವ ಬ್ಯಾರನ್ನನ್ನು ಎದ್ದು ಹೋಗಿ ನೋಡಿರಲಿಲ್ಲ. ಕೆಂಪಮ್ಮನಿಗೆ, “ಇನ್ನೂ ಹನ್ನೆರಡು ದಿನ ಇದೆ. ಹಸು ಮಾರಬೇಡಿ” ಎಂದಷ್ಟೇ ಹೇಳಿದೆ. ಹೇಳುವಾಗ ನನ್ನ ಧ್ವನಿಯಲ್ಲಿ ನನಗೇ ನಂಬಿಕೆ ಇರಲಿಲ್ಲ.

ಅದೇ ದಿನ ತಾಲ್ಲೂಕು ಕಚೇರಿಗೆ ಹೋಗಿ ‘ಸಂಜೆಯೊಳಗೆ ಸಾಹೇಬರ’ ಮುಂದೆ ನಿಂತೆ. ನಡೆದದ್ದನ್ನೆಲ್ಲ ಹೇಳಿದೆ, ಉಪ್ಪಿಟ್ಟನ್ನೂ ಬಿಡಲಿಲ್ಲ. ಅವರು ಕನ್ನಡಕ ತೆಗೆದು ಒರೆಸಿದರು.

“ಹೋದ ವರದಿ ಹೋಯ್ತಲ್ರೀ. ಈಗ ತಪ್ಪಾಗಿದೆ ಅಂದ್ರೆ ಕಾರಣ ಕೇಳಿ ನೋಟಿಸ್ ಬರೋದು ನಿಮಗೇ. ನಿವೃತ್ತಿ ಹತ್ತಿರ ಇಟ್ಕೊಂಡು ಯಾಕೆ ಮೈಮೇಲೆ ಎಳ್ಕೊಳ್ತೀರಿ? ಊರು ಹೇಗೂ ಒಂದಲ್ಲ ಒಂದು ದಿನ ಟೌನ್ ಆಗೋದೇ.”

“ಆಗಲಿ ಸಾರ್. ಆಗೋ ದಿನ ಆಗಲಿ. ನನ್ನ ಸುಳ್ಳಿನಿಂದ ಆಗೋದು ಬೇಡ” ಎಂದೆ. ಹೇಳಿದ ಮೇಲೆ ಭಯವಾಯಿತು. ಪಿಂಚಣಿಯ ಕಾಗದಗಳು ಆಗತಾನೇ ಮೇಲಕ್ಕೆ ಹೋಗಿದ್ದವು.

ಅವರು ಬಹಳ ಹೊತ್ತು ಫೈಲು ನೋಡಿದರು. ಕೊನೆಗೆ, “ಗ್ರಾಮಸಭೆ ಕರೀರಿ. ಪಟ್ಟಿ ಪೂರ್ತಿ ಜನರ ಮುಂದೆ ಓದಿ, ತಿದ್ದಿ, ನಡವಳಿ ತನ್ನಿ. ನನ್ನ ಟಿಪ್ಪಣಿ ಹಾಕಿ ಕಳಿಸ್ತೀನಿ” ಎಂದರು. ನಾನು ಬಾಗಿಲ ಹತ್ತಿರ ಬಂದಾಗ, “ಇದಕ್ಕೆ ಮಾತ್ರ ಸಂಜೆಯೊಳಗೆ ಬೇಡ, ಸರಿಯಾಗಿ ಮಾಡಿ” ಎಂದರು. ನಾವಿಟ್ಟ ಹೆಸರು ಅವರಿಗೆ ಗೊತ್ತಿತ್ತು ಅಂತ ಆಗ ತಿಳಿಯಿತು.

ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಗ್ರಾಮಸಭೆಗೆ ತಮಟೆ ಹೊಡೆಸಿ ಸಾರುತ್ತಿದ್ದೆವು. ಈಗ ವಾಟ್ಸಾಪಿನಲ್ಲಿ ಹಾಕಿದರೆ ಮುಗಿಯಿತು. ಆದರೆ ನಮ್ಮ ಗ್ರೂಪಿನಲ್ಲಿದ್ದವರೆಲ್ಲ ಗಂಡಸರೇ, ಅದೂ ಗೇಟಿನಲ್ಲಿ ಕೂರುವವರು. ಹೆಂಗಸರು ಬರಬೇಕು ಎಂದರೆ ಬೆಳಿಗ್ಗೆ ಡೈರಿಯ ಸಾಲಿನಲ್ಲಿ ಹೋಗಿ ನಿಲ್ಲಬೇಕು. ಎರಡು ದಿನ ನಿಂತು ಒಬ್ಬೊಬ್ಬರಿಗೂ ಹೇಳಿದೆ. ಶಾಲೆಯ ಮುಂದಿನ ಅರಳಿಮರದ ಕೆಳಗೆ ಜಮಖಾನ ಹಾಸಿದಾಗ, ನನ್ನ ಸರ್ವೀಸಿನಲ್ಲೇ ಕಾಣದಷ್ಟು ಜನ ಬಂದಿದ್ದರು.

ಮೊದಲು ನನ್ನ ತಪ್ಪನ್ನೇ ಹೇಳಿದೆ. ಜನ ಬೈಯುತ್ತಾರೆ ಎಂದು ಎದೆ ಗಟ್ಟಿ ಮಾಡಿಕೊಂಡಿದ್ದೆ. ಬೈಯುವ ಬದಲು ಅವರು ತಮ್ಮ ತಮ್ಮ ಕಾರ್ಖಾನೆಗಳ ಹೆಸರು ಕೇಳಲು ಶುರುಮಾಡಿದರು. ಒಂದೊಂದು ಬ್ಯಾರನ್ ಓದಿದಾಗಲೂ ನಗೆ. ಹಿಟ್ಟಿನ ಗಿರಣಿಯೊಂದನ್ನು ಬಿಟ್ಟು ಕೈಗಾರಿಕೆಯ ಕಾಲಂ ಅರ್ಧ ಗಂಟೆಯಲ್ಲಿ ಖಾಲಿಯಾಯಿತು.

ಕಸುಬಿನ ಪುಟಕ್ಕೆ ಬಂದಾಗ ನಗೆ ನಿಂತಿತು. ಜಯಮ್ಮ ಎದ್ದು ನಿಂತು, “ಅದ್ನ ಓದ್ಬ್ಯಾಡಿ ಮೇಡಮ್ಮೋರೆ. ಬರ್ದಿರೋದು ಬರ್ದಂಗೇ ಇರ್ಲಿ ಬುಡಿ” ಎಂದರು. ಉಳಿದ ತಾಯಂದಿರೂ ಹೌದು ಹೌದು ಎಂದರು. ಅವರ ಮುಖ ನೋಡಿ ನನಗೆ ಸಂಕಟವಾಯಿತು. ಮಗನಿಗೆ ಮದುವೆಯಾಗಲಿ ಎಂದು ಹೇಳಿದ ಸುಳ್ಳು, ಅದನ್ನು ಎಲ್ಲರೆದುರು ಹೇಗೆ ಬಿಚ್ಚಲಿ? ಪಟ್ಟಿಯನ್ನು ಮಡಿಸಿ ಇಟ್ಟುಬಿಡೋಣ ಎನ್ನಿಸಿತು.

ಆಗ ಹಿಂದಿನಿಂದ ಮಹದೇವನೇ ಎದ್ದ. “ಬೇಸಾಯ ಅಂತ ಬರ್ಕೊಳಿ ಮೇಡಂ.”

“ಸುಮ್ಕಿರ್ಲಾ!” ಎಂದರು ಜಯಮ್ಮ.

“ಇಲ್ಲ ಕಣವ್ವ. ಗೇಟಲ್ಲಿ ಇಸ್ತ್ರಿ ಶರ್ಟ್ ಆಕ್ಕೊಂಡು ನಿಂತ್ರೂವೆ ಕೈಯಲ್ಲಿ ಒಗೆಸೊಪ್ಪಿನ ಅಂಟು ಓಯ್ತದಾ? ಬರೋಳು ಅದ್ನ ನೋಡ್ಕೊಂಡೇ ಬರ್ಲಿ.”

ಆಮೇಲೆ ಇನ್ನೊಬ್ಬ ಎದ್ದ, ಮತ್ತೊಬ್ಬ ಎದ್ದ. ನಂಜುಂಡನಿಗೆ ಬರೆದುಕೊಳ್ಳಲು ಪುರಸೊತ್ತಿಲ್ಲದ ಹಾಗಾಯಿತು. ಮಹದೇವನಿಗೆ ಮಾರನೆಯ ವರ್ಷ ಪಿರಿಯಾಪಟ್ಟಣದ ಕಡೆಯಿಂದ ಹೆಣ್ಣು ಬಂತು. ಗ್ರಾಮಸಭೆಯಿಂದಲೇ ಆಯಿತು ಎಂದು ನಾನು ಹೇಳಿಕೊಳ್ಳುವುದಿಲ್ಲ, ಆದರೆ ಊಟಕ್ಕೆ ಹೋಗಿದ್ದೆ.

ಪಟ್ಟಿ ತಿದ್ದಿದ್ದಾಯಿತು, ತಿಪ್ಪೆಯ ಮಾತು ಉಳಿಯಿತು. ಅಧ್ಯಕ್ಷ ಪುಟ್ಟರಾಜು ಎದ್ದು, ಹೀಗೆ ಹಿಂದೆ ಎಳೆದರೆ ಊರು ಮುಂದೆ ಬರುವುದು ಯಾವಾಗ, ಚರಂಡಿ ಬೇಡವೇ, ಬಸ್ ನಿಲ್ದಾಣ ಬೇಡವೇ ಎಂದರು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆಗ ಕೆಂಪಮ್ಮ ಕೂತಲ್ಲಿಂದಲೇ ಮಾತಾಡಿದರು.

“ಟೌನ್ ಬ್ಯಾಡ ಅಂತ ನಾನ್ ಯಾವಾಗಪ್ಪ ಅಂದೆ? ಚರಂಡಿ ಬೇಕು. ಬಸ್ ಕಾಯಕ್ಕೆ ನೆಳ್ಳು ಬೇಕು. ಸೂಜಿ ಆಕ್ಸಕ್ಕೆ ಉಣಸೂರ್ಗೋಗಕ್ಕೆ ನನ್ ಕೈಲಾಗಕಿಲ್ಲ, ಇಲ್ಲೇ ಡಾಕ್ಟ್ರು ಬರ್ಲಿ. ಅಸ ಇಟ್ಕೊಂಡೇ ಟೌನಾಗಕ್ಕೆ ಆಗಕಿಲ್ವಾ? ನಿಮ್ ಗೇಟಲ್ಲಿ ಓಟ್ಲವ್ರು ದಿನಾ ಎಲೆ, ತರ್ಕಾರಿ ಸಿಪ್ಪೆ ಎಲ್ಲ ತಂದು ಕೆರೆಗೆ ಸುರೀತಾವ್ರೆ. ಕೆರೆ ನಾರ್ತದೆ. ಅದ್ನ ತಂದು ನನ್ ತಿಪ್ಪೆಗಾಕ್ಲಿ. ಸಗಣಿ ಜೊತೆ ಸೇರ್ಕೊಂಡು ಬಂಗಾರದಂತ ಗೊಬ್ರ ಆಯ್ತದೆ. ನಿಮ್ ಟೌನಿನ ಕಸ ನಿಮ್ಗೆ ಬ್ಯಾಡ, ನನ್ಗೆ ಬೇಕು!”

ಕೆರೆಗೆ ಕಸ ಸುರಿಯುವ ದೂರು ಪುಟ್ಟರಾಜು ಅವರ ಹತ್ತಿರ ರಾಶಿ ಬಿದ್ದಿತ್ತು, ದಾರಿ ಕಂಡಿರಲಿಲ್ಲ. ಹೋಟೆಲಿನವರಲ್ಲೊಬ್ಬ ಅಲ್ಲೇ ನಿಂತಿದ್ದ, “ನಮ್ದೇನೂ ಅಭ್ಯಂತರ ಇಲ್ಲಪ್ಪ, ಹತ್ರಾನೇ ಆಗುತ್ತೆ” ಎಂದ. ತಿಪ್ಪೆ ಜಾಗವನ್ನು ಊರಿನ ಗೊಬ್ಬರದ ಜಾಗವಾಗಿಯೇ ಉಳಿಸಿಕೊಳ್ಳುವುದು, ಗುಂಡಿಗಳಿಗೆ ಕಲ್ಲು ಕಟ್ಟಿಸಿ ರಸ್ತೆಯ ಕಡೆಗೆ ಬೇಲಿ ಹಾಕುವುದು, ಮಳಿಗೆಗೆ ಬೇರೆ ಜಾಗ ನೋಡುವುದು ಎಂದು ನಡವಳಿ ಬರೆದೆವು. ಮುಂದೆ ಪಟ್ಟಣವಾದರೂ ಈ ಜಾಗ ಇದಕ್ಕೇ ಎಂಬ ಸಾಲನ್ನು ಪುಟ್ಟರಾಜು ಅವರೇ ಸೇರಿಸಿದರು. ಆ ಮನುಷ್ಯನ ಮೇಲೆ ನನಗೆ ಆವತ್ತಿನಿಂದ ಗೌರವ.

ಉಳಿದ ಮನೆಗಳ ಬಾಗಿಲಿಗೆ ಅಂಟಿಸಿದ್ದ ನನ್ನ ನೋಟಿಸುಗಳನ್ನು ನಾನೇ ಹೋಗಿ ಕಿತ್ತು ತಂದೆ. ನನಗೂ ಒಂದು ನೋಟಿಸು ಬಂತು, ಕಾರಣ ಕೇಳಿ. ‘ಬ್ಯಾರನ್ನನ್ನು ನೋಡದೆ ಬರೆಸಿದೆ, ತಪ್ಪಾಗಿದೆ, ತಿದ್ದಿದ್ದೇನೆ’ ಎಂದು ಉತ್ತರ ಬರೆದೆ. ಎಚ್ಚರಿಕೆ ಕೊಟ್ಟು ಬಿಟ್ಟರು. ಪಿಂಚಣಿ ತಡವಾಗಲಿಲ್ಲ. ಸಾಹೇಬರ ಟಿಪ್ಪಣಿಯಲ್ಲಿ ಏನಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ.

ಆ ವರ್ಷದ ದೀಪಾವಳಿಗೆ ಕೆಂಪಮ್ಮ ಕರೆಕಳಿಸಿದರು. ನಮ್ಮ ಕಡೆ ಹಬ್ಬದಲ್ಲಿ ತಿಪ್ಪೆಗೂ ಪೂಜೆ ಮಾಡುತ್ತೇವೆ. ಹೊಸದಾಗಿ ಕಲ್ಲು ಕಟ್ಟಿದ ಗುಂಡಿಯ ಅಂಚಿಗೆ ಸಗಣಿಯ ಉಂಡೆಗಳನ್ನಿಟ್ಟು, ಚೆಂಡು ಹೂವು, ಹುಚ್ಚೆಳ್ಳು ಹೂವು ಸಿಕ್ಕಿಸಿದ್ದರು. ಗೌರಿ, ಚೆಲುವಿ ಇಬ್ಬರ ಕೊಂಬಿಗೂ ಬಣ್ಣ. ಪೂಜೆಗೆ ಹೋಟೆಲಿನವರೂ ಬಂದು ನಿಂತಿದ್ದರು. ಕೆಂಪಮ್ಮ ನನ್ನ ಕೈಗೆ ಊದುಬತ್ತಿ ಕೊಟ್ಟು, “ನೀವೇ ಬೆಳಗಿ. ತಗೀರಿ ಅಂದೋರು ನೀವೇ ಅಲ್ವಾ!” ಎಂದು ಎಲ್ಲರೆದುರು ಕಾಲೆಳೆದರು. ನಾನು ತಿಪ್ಪೆಗೆ ಮನಸಾರೆ ಕೈ ಮುಗಿದೆ.

ನಾನು ನಿವೃತ್ತಳಾದ ಮೇಲೆ ಅಕ್ಕಪಕ್ಕದ ಊರುಗಳನ್ನೂ ಸೇರಿಸಿ, ಸರಿಯಾಗಿ ಎಣಿಸಿ, ನೆಲ್ಲಿಕೊಪ್ಪಲನ್ನು ನಿಜವಾಗಿಯೂ ಪಟ್ಟಣ ಪಂಚಾಯಿತಿ ಮಾಡಿದರು. ಒಳ್ಳೆಯದೇ ಆಯಿತು. ಚರಂಡಿ ಬಂತು, ಬಸ್ಸಿಗೆ ನೆರಳು ಬಂತು, ವಾರಕ್ಕೆ ಮೂರು ದಿನ ಡಾಕ್ಟರು ಬರುತ್ತಾರೆ. ನೀವು ಕೆಲಸಕ್ಕೆ ಸೇರುವವರು ಈ ನಗರೀಕರಣ ಎಂಬ ಮಾತಿಗೆ ಹೆದರಬೇಕಿಲ್ಲ. ಆದರೆ ಆ ಮಾತನ್ನು ಒಂದು ಊರಿನ ಮೇಲೆ ಬರೆಯುವ ಮೊದಲು ಆ ಊರಿನ ಬೀದಿಗಳಲ್ಲಿ ಒಂದು ಸಲ ನಡೆಯಿರಿ. ನನಗೆ ಅಷ್ಟು ಕಲಿಯಲು ಎರಡು ಸಲ ಎಡವಬೇಕಾಯಿತು.

ಅಲ್ಲಿಗೆ ಮೊದಲ ಮುಖ್ಯಾಧಿಕಾರಿಯಾಗಿ ಬಂದವಳು ಸಹನಾ ಎಂಬ ಚಿಕ್ಕ ವಯಸ್ಸಿನ ಹುಡುಗಿ. ಆಗಾಗ ಏನಾದರೂ ಕೇಳಲು ಫೋನ್ ಮಾಡುತ್ತಾಳೆ. ಮೊನ್ನೆ ಮಧ್ಯಾಹ್ನ ಮಾಡಿದಳು.

“ಮೇಡಂ, ಒಂದು ನಮೂನೆ ಬಂದಿದೆ. ಸಂಜೆಯೊಳಗೆ ಕೊಡಬೇಕಂತೆ. ಹಸಿ ಕಸ ವಿಲೇವಾರಿ ಘಟಕದ ಹೆಸರು ಅಂತ ಒಂದು ಕಾಲಂ ಇದೆ. ಏನಂತ ಬರೀಲಿ?”

ಅಭ್ಯಾಸಬಲ, ನನ್ನ ಸಿಟ್ಟು ಎದ್ದಿತು. “ಜಾಗಕ್ಕೆ ಹೋಗಿ ನೋಡದೆ ನನ್ನನ್ನ ಕೇಳ್ತಿದೀಯಾ?”

“ಇಲ್ಲ ಮೇಡಂ, ಜಾಗದಲ್ಲೇ ನಿಂತಿದೀನಿ.”

ಹಿಂದಿನಿಂದ ಹಸು ಅಂಬಾ ಎಂದದ್ದು ಕೇಳಿಸಿತು. ಗೌರಿಯೋ ಚೆಲುವಿಯೋ ತಿಳಿಯಲಿಲ್ಲ. ಅದರ ಹಿಂದೆಯೇ ಕೆಂಪಮ್ಮನ ಧ್ವನಿ: “ಯಾರವ್ವ ಅದು, ನಮ್ ಮೇಡಮ್ಮೋರಾ? ಈ ಸತಿ ಕಾರ್ಖಾನೆ ಅಂತ ಬರುಸ್ಬ್ಯಾಡಿ ಅನ್ನು!”

“ಕೆಂಪಮ್ಮನ ತಿಪ್ಪೆ ಅಂತ ಬರಿಯಮ್ಮ” ಎಂದೆ.

ಹಾಗೇ ಬರೆದಳು.